ತೋಟ ಯಾರಿಗೆ? ವಿಲ್ ಬರೆಸುವ ಮೊದಲು ವಕೀಲರು ಕೇಳುವ ಪ್ರಶ್ನೆಗಳು



ಮಳೆ ಹಿಡಿಯುವ ಮೊದಲು ಅಡಿಕೆ ಕೊಳೆಗೆ ಬೋರ್ಡೋ ದ್ರಾವಣ ಮಾಡೋ ಕ್ರಮ ಬರೀರಿ ಅಂತ ಹಲವರು ಕೇಳಿದ್ದೀರಿ. ಅದು ಮುಂದಿನ ವಾರ. ಈ ವಾರ ನಾವು ತೋಟದವರು ವರ್ಷದಿಂದ ವರ್ಷಕ್ಕೆ ಮುಂದೂಡುತ್ತಾ ಬರುವ ಒಂದು ಕೆಲಸದ ಬಗ್ಗೆ ಬರೆಯುತ್ತೇನೆ. ಅದೇ ವಿಲ್. ನಮ್ಮ ಕಡೆ ಹಿರಿಯರು ಮೃತ್ಯುಪತ್ರ ಅಂತಾರೆ, ಕೆಲವರು ಮರಣ ಶಾಸನ, ಉಯಿಲು ಅಂತಲೂ ಅಂತಾರೆ.

ಇದಕ್ಕೂ ತೋಟಗಾರಿಕೆಗೂ ಏನು ಸಂಬಂಧ ಅಂದ್ರೆ, ಎತ್ತರದ ತಳಿಯ ತೆಂಗು ಫಸಲಿಗೆ ಬರಲು ಆರೇಳು ವರ್ಷ ಬೇಕು, ಆಮೇಲೆ 60 ವರ್ಷ ಬಾಳುತ್ತದೆ. ಜಾಯಿಕಾಯಿ ಗಿಡ ಕಾಯಿ ಬಿಡಲು ಏಳೆಂಟು ವರ್ಷ. ಸಾವಯವ ಪ್ರಮಾಣಪತ್ರಕ್ಕೆ ಬಹುವಾರ್ಷಿಕ ಬೆಳೆಯಲ್ಲಿ 3 ವರ್ಷದ ಪರಿವರ್ತನೆ ಅವಧಿ ಇದೆ. ಅಂದರೆ ನಾವು ನೆಡುವ ಮರದ ಆಯುಷ್ಯ ನೆಟ್ಟವರ ಆಯುಷ್ಯಕ್ಕಿಂತ ಉದ್ದ. ಪಹಣಿಯಲ್ಲಿ ತೀರಿಹೋದವರ ಹೆಸರೇ ಉಳಿದರೆ ತೋಟದಲ್ಲಿ ದುಡಿಯುವವರಿಗೆ ಸೊಸೈಟಿಯ ಬೆಳೆಸಾಲ, ಬೆಳೆವಿಮೆ, ಫ್ರೂಟ್ಸ್ ಐಡಿ, ಇಲಾಖೆಯ ಸಹಾಯಧನ ಎಲ್ಲಕ್ಕೂ ತೊಡಕು.

ನಮ್ಮ ತೋಟ ಇರೋದು ಗೋಕರ್ಣದ ಹತ್ತಿರ, ಓಂ ಬೀಚ್ ಗುಡ್ಡದ ಹಿಂಬದಿಗೆ. ಚಿರೆಕಲ್ಲಿನ ನೆಲ, ಕೆಳಗೆ ಒಂದು ಬಾವಿ, ಒಟ್ಟು 1 ಎಕರೆ 20 ಗುಂಟೆ. ಅಜ್ಜನ ಕಾಲದಲ್ಲಿ ಈ ಗುಡ್ಡದ ನೆಲಕ್ಕೆ ಬೆಲೆಯೇ ಇರಲಿಲ್ಲ, ಗೇರುಬೀಜ ಹೆಕ್ಕಲಿಕ್ಕಷ್ಟೇ ಹೋಗೋದು. ಈಗ ಕುಡ್ಲೆ, ಓಂ ಬೀಚ್ ಕಡೆ ಜಾಗ ಕೇಳಿಕೊಂಡು ಬರುವವರಿಗೆ ಕೊನೆಯಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ 79ಎ, 79ಬಿ ಕಲಮುಗಳು ಹೋದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹಾಗಾಗಿ ಅಣ್ಣತಮ್ಮಂದಿರ, ಅಕ್ಕತಂಗಿಯರ ನಡುವಿನ ಸಣ್ಣ ಅಸ್ಪಷ್ಟತೆಯೂ ಈಗ ದೊಡ್ಡ ದುಡ್ಡಿನ ಜಗಳ ಆಗ್ತದೆ.

ವಿಲ್ ಇಲ್ಲದಿದ್ದರೆ ಏನಾಗ್ತದೆ?

ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ ಪ್ರಕಾರ ಗಂಡಸು ವಿಲ್ ಬರೆಯದೆ ತೀರಿಕೊಂಡರೆ ಅವನ ಸ್ವಂತ ಆಸ್ತಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತಾಯಿ, ಇವರಿಗೆ ಸಮನಾಗಿ ಹೋಗ್ತದೆ. ನಮ್ಮ ಮನೆಯಲ್ಲಿ ಅಮ್ಮ, ಅಕ್ಕ, ತಂಗಿ, ನಾನು. ಇಡೀ ತೋಟ ಅಪ್ಪನ ಸ್ವಂತದ್ದೇ ಅಂತ ಲೆಕ್ಕ ಹಿಡಿದರೆ 60 ಗುಂಟೆಯಲ್ಲಿ ತಲೆಗೆ 15 ಗುಂಟೆ. ನ್ಯಾಯವಾದ ಲೆಕ್ಕವೇ. ಆದರೆ ಬಾವಿ ಒಬ್ಬರ ಪಾಲಿಗೆ, ದಾರಿ ಇನ್ನೊಬ್ಬರ ಪಾಲಿಗೆ ಬಂದರೆ ನೀರಿಲ್ಲದ 15 ಗುಂಟೆಯಲ್ಲಿ ಯಾರೂ ತೋಟ ಮಾಡಲಿಕ್ಕಾಗೋದಿಲ್ಲ. ಕಾನೂನಿಗೆ ಗುಂಟೆ ಕಾಣುತ್ತದೆ, ಬಾವಿ ಎಲ್ಲಿದೆ ಅನ್ನೋದು ಮನೆಯವರಿಗೇ ಗೊತ್ತು. ಅದನ್ನು ಬರೆದಿಡುವ ಜಾಗವೇ ವಿಲ್.

ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಕಲಮು ಇದೆ. ಅದೇ ಕಾಯ್ದೆಯ 22ನೇ ಕಲಮಿನ ಪ್ರಕಾರ ಹೀಗೆ ಒಟ್ಟಿಗೆ ಆಸ್ತಿ ಪಡೆದ ವಾರಸುದಾರರಲ್ಲಿ ಒಬ್ಬರು ತಮ್ಮ ಪಾಲು ಮಾರಲು ಹೊರಟರೆ ಉಳಿದವರಿಗೆ ಅದನ್ನು ಕೊಳ್ಳುವ ಮೊದಲ ಹಕ್ಕು ಇದೆ. ಬೆಲೆ ಹೊಂದದಿದ್ದರೆ ಕೋರ್ಟು ನಿಗದಿ ಮಾಡುತ್ತದೆ. ಈ ಕಲಮು ಕೃಷಿ ಜಮೀನಿಗೂ ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

ವಕೀಲರನ್ನು ಹುಡುಕೋದು ಹೇಗೆ?

'ವಿಲ್ ಸ್ಪೆಷಲಿಸ್ಟ್' ಅಂತ ಬೋರ್ಡು ಹುಡುಕಿದರೆ ಸಿಗೋದಿಲ್ಲ. ವಕೀಲರು ಜಾಹೀರಾತು ಕೊಡುವ ಹಾಗಿಲ್ಲ, ಇಂಥದೇ ಕೆಲಸದಲ್ಲಿ ಪರಿಣತ ಅಂತ ಬೋರ್ಡಿನಲ್ಲಿ ಬರೆಸುವ ಹಾಗೂ ಇಲ್ಲ, ಬಾರ್ ಕೌನ್ಸಿಲ್ ನಿಯಮವೇ ಹಾಗೆ. ನಾವು ಊರಲ್ಲಿ ತಲೆ ಹಣ್ಣಾದವರನ್ನೆಲ್ಲ ಹಿರಿಯ ವಕೀಲರು ಅಂತೇವೆ. ಕಾನೂನಿನಲ್ಲಿ ಅದು ಬೇರೆ. 1961ರ ವಕೀಲರ ಕಾಯ್ದೆಯಡಿ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ಆ ಪದವಿ ಕೊಡುತ್ತದೆ. ಅದು ಸಿಕ್ಕವರು ಕಕ್ಷಿದಾರರಿಂದ ನೇರವಾಗಿ ಕೇಸು ತೆಗೆದುಕೊಳ್ಳುವಂತಿಲ್ಲ, ಪತ್ರ ಬರೆದುಕೊಡುವ ಕೆಲಸವನ್ನೂ ಮಾಡುವಂತಿಲ್ಲ. ಹಾಗಾಗಿ ರೈತನಿಗೆ ಬೇಕಾದವರು ತಾಲೂಕು ಕೋರ್ಟಿನಲ್ಲಿ ಪಾಲು, ವಿಲ್, ಹಕ್ಕಿನ ದಾವೆಗಳನ್ನು ವರ್ಷಗಟ್ಟಲೆ ನಡೆಸಿದ ವಕೀಲರು. ವಿಲ್‌ಗಳು ಕೋರ್ಟಿನಲ್ಲಿ ಎಲ್ಲಿ ಮುರಿಯುತ್ತವೆ ಅಂತ ನೋಡಿದವರಿಗೆ ಗಟ್ಟಿಯಾಗಿ ಬರೆಯಲಿಕ್ಕೂ ಬರ್ತದೆ.

ನಾವು ಹೋದದ್ದು ಕುಮಟಾದ ಅಂಥ ಒಬ್ಬರ ಹತ್ತಿರ. ಮೊದಲ ದಿನ ಅವರು ವಿಲ್ ವಿಷಯವನ್ನೇ ಎತ್ತಲಿಲ್ಲ. ಪಹಣಿ ಹರಡಿಕೊಂಡು, "ಯಜಮಾನ್ರೇ, ಯಾವ ಸರ್ವೆ ನಂಬರು ಯಾರಿಂದ ಬಂತು ಹೇಳಿ" ಅಂತ ಅಪ್ಪನನ್ನು ಕೇಳಿದರು. ಮೂರು ಗುಂಪು ಮಾಡಿದರು.

ಒಂದು, ಅಪ್ಪ ತನ್ನ ದುಡ್ಡಲ್ಲಿ ಕೊಂಡದ್ದು. ಇದನ್ನು ಯಾರಿಗೆ ಬೇಕಾದರೂ ಬರೆಯಬಹುದು.

ಎರಡು, ಅಜ್ಜನಿಂದ ಬಂದದ್ದು. ಅಜ್ಜ 1956ರ ನಂತರ ತೀರಿಕೊಂಡಿದ್ದು ಆಸ್ತಿ ಅವರ ಸ್ವಂತದ್ದಾಗಿದ್ದರೆ, ಅಪ್ಪನಿಗೆ ಬಂದ ಪಾಲು ಅಪ್ಪನ ಸ್ವಂತದ್ದೇ. ಅಜ್ಜನಿಗೂ ಹಿಂದಿನವರಿಂದ ಬಂದ ಒಟ್ಟು ಕುಟುಂಬದ ಆಸ್ತಿಯಾಗಿದ್ದರೆ ಮಾತು ಬೇರೆ. 2005ರ ತಿದ್ದುಪಡಿಯಿಂದ ಅದರಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು. ಆ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಪಾಲುಪತ್ರ ಇದ್ದರೆ ಅದು ಹಾಗೇ ನಿಲ್ಲುತ್ತದೆ. ಒಟ್ಟು ಕುಟುಂಬದ ಆಸ್ತಿಯಲ್ಲಿ ಅಪ್ಪ ವಿಲ್ ಬರೆಯಬಹುದಾದ್ದು ತನ್ನ ಪಾಲಿಗೆ ಮಾತ್ರ. ಮಕ್ಕಳ ಪಾಲನ್ನು ಬರೆಯಲಿಕ್ಕೆ ಬರೋದಿಲ್ಲ.

ಮೂರು, ಗೇಣಿಯಿಂದ ಬಂದದ್ದು. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳಿಗೆ ಭೂನ್ಯಾಯ ಮಂಡಳಿಯ ಆದೇಶದಿಂದ ಭೂಮಿ ಬಂತು. ಮಂಡಳಿಯ ಆದೇಶದ ಪ್ರತಿ ಮತ್ತು ಫಾರಂ 10 ಮನೆಯಲ್ಲಿದೆಯಾ ಅಂತ ಈಗಲೇ ನೋಡಿ. ಅರ್ಜಿ ಅಜ್ಜ ತನ್ನೊಬ್ಬನ ಪರವಾಗಿ ಹಾಕಿದ್ದೋ, ಇಡೀ ಕುಟುಂಬದ ಪರವಾಗಿಯೋ ಎಂಬುದರ ಮೇಲೆ ಹಕ್ಕು ನಿಲ್ಲುತ್ತದೆ. ಗೇಣಿದಾರನು ಗೇಣಿ ಹಕ್ಕನ್ನು ಕುಟುಂಬದ ಹೊರಗಿನವರಿಗೆ ವಿಲ್ ಬರೆದರೆ ನಡೆಯೋದಿಲ್ಲ ಅಂತ ಕರ್ನಾಟಕದ ಪ್ರಕರಣಗಳಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಸೊಪ್ಪಿನ ಬೆಟ್ಟ, ಅರಣ್ಯ ಅತಿಕ್ರಮಣದ ಜಾಗ ಇವನ್ನು 'ನನ್ನ ಆಸ್ತಿ' ಅಂತ ವಿಲ್‌ನಲ್ಲಿ ಸೇರಿಸಿದರೆ ಪ್ರಯೋಜನ ಇಲ್ಲ. ನಮ್ಮದಲ್ಲದ್ದನ್ನು ನಾವು ಕೊಡಲಿಕ್ಕಾಗೋದಿಲ್ಲ.

"ನೀವು ಹೊರಗೆ ಕೂತ್ಕೊಳ್ಳಿ"

ಎರಡನೇ ಸಲ ಹೋದಾಗ ವಕೀಲರು ಬಾಗಿಲಲ್ಲೇ ನನ್ನನ್ನು ತಡೆದರು. "ಇವತ್ತು ಅಪ್ಪ ಮಾತ್ರ. ನೀವು ಹೊರಗೆ ಕೂತ್ಕೊಳ್ಳಿ. ಮುಂದಿನ ಸಲ ಕರ್ಕೊಂಡು ಬರೋದೂ ನೀವು ಬೇಡ." ಆ ಕ್ಷಣ ಸ್ವಲ್ಪ ಬೇಜಾರಾಯ್ತು, ಸುಳ್ಳು ಯಾಕೆ ಹೇಳಲಿ. ಕಾರಣ ಗೊತ್ತಾದ ಮೇಲೆ, ಈ ಲೇಖನದಲ್ಲಿ ನೀವು ಒಂದೇ ಮಾತು ನೆನಪಿಟ್ಟುಕೊಳ್ಳೋದಾದರೆ ಇದೇ ಇರಲಿ ಅನ್ನಿಸಿತು.

ಕಾರಣ ಮೈಸೂರಿನ ಒಂದು ಹಳೇ ಕೇಸು. ಲಕ್ಷ್ಮಮ್ಮ ಎಂಬವರು 1945ರಲ್ಲಿ ಮಾಡಿದರೆನ್ನಲಾದ ವಿಲ್ ಬಗ್ಗೆ ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ಅವರ ನಡುವೆ ನಡೆದ ದಾವೆ. ಕೆಳಗಿನ ಕೋರ್ಟು ವಿಲ್ ಒಪ್ಪಿತು, ಮೈಸೂರು ಹೈಕೋರ್ಟ್ ತಳ್ಳಿಹಾಕಿತು, 1958ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. ತೀರ್ಪು ಬರೆದವರು ಪಿ.ಬಿ. ಗಜೇಂದ್ರಗಡಕರ್. ನಮ್ಮ ಗದಗ ಜಿಲ್ಲೆಯ ಗಜೇಂದ್ರಗಡದ ಹೆಸರನ್ನೇ ಅಡ್ಡಹೆಸರಾಗಿ ಹೊತ್ತವರು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು, ಮುಂಬಯಿಯಲ್ಲಿ ವಕೀಲಿ ಮಾಡಿ ನ್ಯಾಯಾಧೀಶರಾಗಿ, 1964ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಯಾದವರು. ಇವತ್ತಿಗೂ ದೇಶದ ಯಾವ ಮೂಲೆಯಲ್ಲಿ ವಿಲ್ ಜಗಳ ನಡೆದರೂ ವಕೀಲರು ಮೊದಲು ತೆಗೆಯುವುದು ಈ ತೀರ್ಪನ್ನೇ.

ಅದರ ಸಾರ ಇಷ್ಟು. ಬೇರೆ ಪತ್ರಗಳಲ್ಲಿ ಬರೆದವನನ್ನೇ ಕರೆದು ಕೇಳಬಹುದು. ವಿಲ್ ಕೋರ್ಟಿಗೆ ಬರುವಾಗ ಬರೆದವನು ಇರೋದಿಲ್ಲ. ಆದ್ದರಿಂದ ಸಹಿ ನಿಜವೇ ಅನ್ನೋದಷ್ಟೇ ಸಾಲದು, ಆ ವಿಲ್ ಸುತ್ತ ಇರುವ ಸಂಶಯಗಳನ್ನು ತೆಗೆದುಹಾಕುವ ಹೊಣೆ ವಿಲ್ ತಂದವನ ಮೇಲೆ. ಸಂಶಯ ಎಲ್ಲಿಂದ ಹುಟ್ತದೆ? ನಡುಗುವ, ಹೊಂದದ ಸಹಿಯಿಂದ. ಬರೆದವರ ಮನಸ್ಸು ಆಗ ನೆಟ್ಟಗಿರಲಿಲ್ಲ ಅನ್ನುವ ಮಾತಿನಿಂದ. ಕಾರಣ ಹೇಳದೆ ಹತ್ತಿರದವರನ್ನು ಬಿಟ್ಟದ್ದರಿಂದ. ಮತ್ತೆ ಮುಖ್ಯವಾಗಿ, ವಿಲ್‌ನಿಂದ ಲಾಭ ಪಡೆಯುವವನೇ ಅದನ್ನು ಬರೆಸಲು ಮುಂದೆ ನಿಂತದ್ದರಿಂದ.

ನಮ್ಮಲ್ಲಿ ಸಾಮಾನ್ಯವಾಗಿ ಏನಾಗ್ತದೆ? ತೋಟ ನೋಡಿಕೊಳ್ಳುವ ಮಗನೇ ವಕೀಲರನ್ನು ಗೊತ್ತು ಮಾಡ್ತಾನೆ, ಬೈಕಿನಲ್ಲಿ ಅಪ್ಪನನ್ನು ಕೂರಿಸಿಕೊಂಡು ಹೋಗ್ತಾನೆ, ಫೀಸು ಕೊಡ್ತಾನೆ, ತನ್ನ ಇಬ್ಬರು ದೋಸ್ತರನ್ನು ಸಾಕ್ಷಿಗೆ ಕರೀತಾನೆ. ಎಲ್ಲವೂ ಒಳ್ಳೇ ಮನಸ್ಸಿನಿಂದಲೇ. ಹತ್ತು ವರ್ಷದ ನಂತರ ಕೋರ್ಟಿನಲ್ಲಿ ಅದೇ ಒಳ್ಳೇತನ ಅವನ ವಿರುದ್ಧ ಸಾಕ್ಷಿಯಾಗ್ತದೆ. ದಾವೆ ಕುಮಟಾದಿಂದ ಕಾರವಾರ, ಅಲ್ಲಿಂದ ಧಾರವಾಡ ಪೀಠದವರೆಗೆ ಹೋಗಬಹುದು. ಅಷ್ಟರಲ್ಲಿ ಆರೈಕೆ ಇಲ್ಲದ ತೋಟ ಕಾಡಾಗಿರ್ತದೆ.

ವಿಲ್ ಗಟ್ಟಿಯಾಗಲು ಏನು ಮಾಡಬೇಕು?

* ಬರೆಯುವವರು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ನೋಡಿ, ಬರೆದವರ ಎದುರೇ ಸಹಿ ಮಾಡಬೇಕು. ಒಳಗೆ ಏನಿದೆ ಅಂತ ಸಾಕ್ಷಿಗಳು ಓದಬೇಕಾಗಿಲ್ಲ.
* ಸಾಕ್ಷಿಗಳು ಪಾಲು ಪಡೆಯುವವರಾಗಿರಬಾರದು, ಬರೆಯುವವರಿಗಿಂತ ಚಿಕ್ಕ ವಯಸ್ಸಿನವರಾಗಿರಲಿ. ಮುಂದೆ ತಕರಾರು ಬಂದರೆ ಒಬ್ಬರಾದರೂ ಕೋರ್ಟಿಗೆ ಬಂದು, ತಾನೂ ಇನ್ನೊಬ್ಬ ಸಾಕ್ಷಿಯೂ ಸಹಿ ಮಾಡಿದ್ದನ್ನು ಹೇಳಬೇಕಾಗ್ತದೆ.
* ವಯಸ್ಸಾದವರಾದರೆ ಅದೇ ದಿನದ ವೈದ್ಯರ ಪತ್ರ ಇಟ್ಟುಕೊಳ್ಳಿ. ಅಪ್ಪ ಅಮ್ಮನಿಗೆ ಅರ್ಥವಾಗುವ ಕನ್ನಡದಲ್ಲೇ ಬರೆಸಿ, ಓದಿ ಹೇಳಿಸಿ.
* ಯಾರಿಗಾದರೂ ಕಡಿಮೆ ಕೊಟ್ಟರೆ ಅಥವಾ ಬಿಟ್ಟರೆ ಕಾರಣ ಬರೆಯಿರಿ: 'ಮದುವೆಗೆ, ಮನೆಗೆ ಇಷ್ಟು ಕೊಟ್ಟಿದ್ದೇನೆ' ಅಂತ ಎರಡು ಸಾಲು ಸಾಕು.
* ಸರ್ವೆ ನಂಬರು, ಹಿಸ್ಸೆ, ಚೆಕ್ಕುಬಂದಿ ಜೊತೆಗೆ ಬಾವಿಯ ನೀರು ಯಾರಿಗೆ ಎಷ್ಟು ದಿನ, ದಾರಿ ಯಾವುದು, ಪಂಪ್‌ಸೆಟ್ಟಿನ ಮೀಟರ್ ಯಾರ ಹೆಸರಿಗೆ, ಸೊಸೈಟಿ ಸಾಲ ತೀರಿಸುವವರು ಯಾರು, ಅಮ್ಮ ಇರುವವರೆಗೆ ಅವರ ಖರ್ಚಿಗೆ ಯಾವ ಆದಾಯ ಎಂಬುದೂ ಇರಲಿ.
* ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸೋದು ಒಳ್ಳೇದು. ವಿಲ್‌ಗೆ ಮುದ್ರಾಂಕ ಶುಲ್ಕ ಇಲ್ಲ. ಬರೆದವರು ಬದುಕಿರುವಷ್ಟು ದಿನ ಉಪನೋಂದಣಿ ಕಚೇರಿಯಿಂದ ಬೇರೆಯವರಿಗೆ ಅದರ ಪ್ರತಿ ಸಿಗೋದಿಲ್ಲ, ಆ ಹೆದರಿಕೆ ಬೇಡ. ನೋಂದಣಿಯಾದ ಮಾತ್ರಕ್ಕೆ ಸಂಶಯಗಳೆಲ್ಲ ಹೋದವು ಅಂತಲೂ ತಿಳೀಬೇಡಿ.

ವಿಲ್ ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊನೆಯದೇ ಲೆಕ್ಕಕ್ಕೆ. ದಾನಪತ್ರ ಹಾಗಲ್ಲ, ನೋಂದಣಿಯಾದ ಮೇಲೆ ಆಸ್ತಿ ಕೈಬಿಟ್ಟ ಹಾಗೇ. ಹಿರಿಯರು ಇವೆರಡನ್ನೂ ಒಂದೇ ಅಂತ ತಿಳಿದು ಸಹಿ ಹಾಕಬಾರದು.

ಭಟ್ಕಳ, ಹೊನ್ನಾವರ ಕಡೆಯ ಮುಸ್ಲಿಂ ರೈತರಿಗೆ ನಿಯಮ ಬೇರೆ. ಸಾಲ, ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗಕ್ಕೆ ಮಾತ್ರ ವಸಿಯತ್ ಮಾಡಬಹುದು. ವಾರಸುದಾರರಲ್ಲೇ ಒಬ್ಬರಿಗೆ ಹೆಚ್ಚು ಕೊಡಲು ಉಳಿದವರ ಒಪ್ಪಿಗೆ ಬೇಕು.

ಇನ್ನು ತೀರಿಕೊಂಡ ಮೇಲಿನ ಕೆಲಸ. ಮರಣ ಪ್ರಮಾಣಪತ್ರ, ವಿಲ್ ಪ್ರತಿ ಜೊತೆ ಖಾತೆ ಬದಲಾವಣೆಗೆ ತಡಮಾಡದೆ ಅರ್ಜಿ ಕೊಡಿ. ಯಾರಾದರೂ ತಕರಾರು ಹಾಕಿದರೆ ವಿಲ್ ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು ಸಿವಿಲ್ ಕೋರ್ಟು. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಸಿದ್ಧವಾಗೋದಿಲ್ಲ, ಅದು ಕಂದಾಯದ ದಾಖಲೆ ಮಾತ್ರ.

ಅಪ್ಪ ಏನು ಬರೆಸಿದ್ದಾರೆ ಅಂತ ನನಗೆ ಗೊತ್ತಿಲ್ಲ. ಮೂರನೇ ಸಲ ಚಿಕ್ಕಪ್ಪನ ಜೊತೆ ಹೋಗಿ ನೋಂದಣಿ ಮಾಡಿಸಿ ಬಂದರು. ರಾತ್ರಿ ಅಕ್ಕನಿಗೂ ತಂಗಿಗೂ ಫೋನ್ ಮಾಡಿ, "ಬರೆದಾಯ್ತು. ಮೂರೂ ಜನರಿಗೆ ಒಂದೇ ದಿನ ಹೇಳ್ತಾ ಇದ್ದೇನೆ, ಒಳಗೆ ಏನಿದೆ ಅಂತ ಯಾರೂ ಕೇಳಬೇಡಿ" ಅಂದರು. ತಂಗಿ ಒಮ್ಮೆ ಕೇಳಿ ಬೈಸಿಕೊಂಡಳು. ಆ ಮಳೆಗಾಲದಲ್ಲಿ ನಾನು ಬಾವಿಯ ಪಕ್ಕ ಹನ್ನೆರಡು ಜಾಯಿಕಾಯಿ ಕಸಿ ಗಿಡ ನೆಟ್ಟೆ. ಆ ಜಾಗ ಯಾರ ಪಾಲಿಗೆ ಬಂದರೂ ಅವರಿಗೆ ಕಾಯಿ ಸಿಗ್ತದೆ.

ಈ ವಾರ ನಿಮ್ಮ ಕೆಲಸ ಇಷ್ಟೇ: ಮನೆಯ ಪಹಣಿಗಳನ್ನೆಲ್ಲ ತೆಗೆದು, ಪ್ರತಿ ಸರ್ವೆ ನಂಬರಿನ ಎದುರು 'ಯಾರಿಂದ, ಯಾವ ವರ್ಷ, ಹೇಗೆ ಬಂತು' ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಗೊತ್ತಿಲ್ಲದ್ದನ್ನು ಮನೆಯ ಹಿರಿಯರ ಹತ್ತಿರ ಕೂತು ಕೇಳಿ. ವಕೀಲರ ಹತ್ತಿರ ಹೋಗುವಾಗ ಆ ಹಾಳೆ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಪ್ರತಿ ಮನೆಯ ಲೆಕ್ಕ ಬೇರೆ ಬೇರೆ, ಆದ್ದರಿಂದ ಈ ಲೇಖನ ಓದಿಯೇ ವಿಲ್ ಬರೆಯಬೇಡಿ, ವಕೀಲರಿಗೆ ದಾಖಲೆ ತೋರಿಸಿ.

ಮುಂದಿನ ವಾರ ಬೋರ್ಡೋ ದ್ರಾವಣದ ಜೊತೆ ಸಿಗೋಣ.