ಟಿಕೆಟ್ ಕೊಳ್ಳಲಾಗದ ಅಭಿಮಾನಿಗಳು

ಅಮೆರಿಕದಲ್ಲಿ 2018ರ ಮಾರ್ಚ್ 16ರ ಶುಕ್ರವಾರ ತೆರೆಕಂಡ ಸಿನಿಮಾಗಳಲ್ಲಿ ಎರಡಕ್ಕೆ ಒಂದೇ ಬಗೆಯ ಮನ್ನಣೆ ಸಿಕ್ಕಿತು. ಮೊದಲ ದಿನದ ಆಟ ನೋಡಿ ಹೊರಬರುವ ಪ್ರೇಕ್ಷಕರ ಕೈಗೆ ಚೀಟಿ ಕೊಟ್ಟು ಅಂಕ ಹಾಕಿಸುವ ಸಿನಿಮಾಸ್ಕೋರ್ ಎಂಬ ಸಂಸ್ಥೆ ಅಲ್ಲಿದೆ. ಅದು ಕೊಡುವ ಅತಿ ದೊಡ್ಡ ಅಂಕ ‘ಎ ಪ್ಲಸ್’. ಇಡೀ ವರ್ಷದಲ್ಲಿ ಬೆರಳೆಣಿಕೆಯ ಸಿನಿಮಾಗಳಿಗಷ್ಟೇ ಅದು ದಕ್ಕುತ್ತದೆ. ಅಂದು ಅದನ್ನು ಪಡೆದ ಮೊದಲ ಸಿನಿಮಾ ‘ಐ ಕ್ಯಾನ್ ಓನ್ಲಿ ಇಮ್ಯಾಜಿನ್’, ಕ್ರೈಸ್ತ ಭಕ್ತಿಗೀತೆಯೊಂದು ಹುಟ್ಟಿದ ಬಗೆಯನ್ನು ಹೇಳುವ ಚಿತ್ರ. ಎರಡನೆಯದು ‘ಲವ್, ಸೈಮನ್’, ತಾನು ಗೇ ಎಂಬುದನ್ನು ಮನೆಯವರಿಂದಲೂ ಗೆಳೆಯರಿಂದಲೂ ಮುಚ್ಚಿಟ್ಟುಕೊಂಡ ಹದಿಹರೆಯದ ಹುಡುಗನ ಪ್ರೇಮಕಥೆ. ಆ ವಾರಾಂತ್ಯ ಮೊದಲನೆಯದು 1.71 ಕೋಟಿ ಡಾಲರ್ ಗಳಿಸಿ ಮೂರನೇ ಸ್ಥಾನದಲ್ಲಿ ನಿಂತಿತು. ಎರಡನೆಯದು 1.18 ಕೋಟಿ ಡಾಲರ್ ಗಳಿಸಿ ಐದನೇ ಸ್ಥಾನಕ್ಕೆ ಬಂತು. ಓಟ ಮುಗಿಯುವ ಹೊತ್ತಿಗೆ ಭಕ್ತಿಯ ಚಿತ್ರ ಅಮೆರಿಕದಲ್ಲೇ 8.3 ಕೋಟಿ ಡಾಲರ್ ದಾಟಿತ್ತು, ‘ಲವ್, ಸೈಮನ್’ 4.08 ಕೋಟಿ ಡಾಲರ್‌ನಲ್ಲಿ ನಿಂತಿತು. ನೋಡಿದವರ ಮೆಚ್ಚುಗೆ ಎರಡಕ್ಕೂ ಒಂದೇ ಮಟ್ಟದ್ದು, ದುಡ್ಡು ಮಾತ್ರ ಅರ್ಧಕ್ಕರ್ಧ. ಈ ಅಂತರ ಎಲ್ಲಿಂದ ಬಂತು ಎಂದು ಕೇಳಿಕೊಂಡರೆ ಗಲ್ಲಾಪೆಟ್ಟಿಗೆ ಏನನ್ನು ಅಳೆಯುತ್ತದೆ, ಏನನ್ನು ಅಳೆಯಲಾರದು ಎಂಬುದು ಬಿಚ್ಚಿಕೊಳ್ಳುತ್ತದೆ.

ಮೊದಲು ‘ಲವ್, ಸೈಮನ್’ನ ಹಿನ್ನೆಲೆ. ಬೆಕಿ ಆಲ್ಬರ್ಟಾಲಿ ಎಂಬ ಲೇಖಕಿ 2015ರಲ್ಲಿ ಬರೆದ ‘ಸೈಮನ್ ವರ್ಸಸ್ ದ ಹೋಮೋ ಸೇಪಿಯನ್ಸ್ ಅಜೆಂಡಾ’ ಕಾದಂಬರಿ ಇದರ ಮೂಲ. ಮಕ್ಕಳ ಮನಃಶಾಸ್ತ್ರಜ್ಞೆಯಾಗಿ ಕೆಲಸ ಮಾಡಿದ್ದ ಆಕೆಯ ಈ ಚೊಚ್ಚಲ ಕೃತಿಗೆ ಮರುವರ್ಷವೇ ವಿಲಿಯಂ ಮಾರಿಸ್ ಪ್ರಶಸ್ತಿ ಬಂತು. ಸಿನಿಮಾ ನಿರ್ದೇಶಿಸಿದವರು ಗ್ರೆಗ್ ಬರ್ಲಾಂಟಿ. 2000ದಲ್ಲಿ ‘ಡಾಸನ್ಸ್ ಕ್ರೀಕ್’ ಧಾರಾವಾಹಿಯಲ್ಲಿ ಇಬ್ಬರು ಹುಡುಗರ ಚುಂಬನವನ್ನು ಅಮೆರಿಕದ ಮುಖ್ಯ ಟಿವಿ ವಾಹಿನಿಯೊಂದರಲ್ಲಿ ತೋರಿಸಲು ಹಟ ಹಿಡಿದು ಗೆದ್ದಿದ್ದರು. ದೊಡ್ಡ ಹಾಲಿವುಡ್ ಸ್ಟುಡಿಯೊವೊಂದು ಗೇ ಹದಿಹರೆಯದ ಪ್ರೇಮವನ್ನೇ ಕಥೆಯ ನಡುವಿಗಿಟ್ಟು ತೆಗೆದ ಮೊದಲ ಸಿನಿಮಾ ಇದು. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಇದಕ್ಕೆ ಹಾಕಿದ ಬಂಡವಾಳ 1ರಿಂದ 1.7 ಕೋಟಿ ಡಾಲರ್ ನಡುವೆ ಎಂಬ ಅಂದಾಜಿದೆ. ಹಾಲಿವುಡ್ ಲೆಕ್ಕದಲ್ಲಿ ಇದು ಸಣ್ಣ ಮೊತ್ತ. ಜಗತ್ತಿನಾದ್ಯಂತ ಬಂದ ಗಳಿಕೆ 6.63 ಕೋಟಿ ಡಾಲರ್. ಇದರಲ್ಲಿ ಅರ್ಧದಷ್ಟು ಚಿತ್ರಮಂದಿರಗಳ ಪಾಲು, ಮೇಲೆ ಪ್ರಚಾರದ ಖರ್ಚು ಬೇರೆ. ನಷ್ಟವಂತೂ ಇಲ್ಲ, ಆದರೆ ಸಂಭ್ರಮಿಸುವಷ್ಟೂ ಇಲ್ಲ. ‘ಪರವಾಗಿಲ್ಲ’ ಎನ್ನುವ ಈ ಫಲಿತಾಂಶವನ್ನೇ ಉದ್ಯಮದ ಹಲವರು ಗೇ ಪ್ರೇಮಕಥೆಯ ಮಾರುಕಟ್ಟೆಯ ಮಿತಿ ಎಂದು ಓದಿಕೊಂಡರು. ಆ ಓದೇ ತಪ್ಪು ಎಂಬುದು ನನ್ನ ವಾದ.

ಕನ್ನಡ ಸಿನಿಮಾದ ಹಳೆಯ ಲೆಕ್ಕ ಗೊತ್ತಿರುವವರಿಗೆ ಇದನ್ನು ವಿವರಿಸುವುದು ಸುಲಭ. ಮೊದಲ ದಿನದ ನೂಕುನುಗ್ಗಲು ಎಷ್ಟೇ ಇರಲಿ, ನಮ್ಮಲ್ಲಿ ಪೋಸ್ಟರ್ ಮೇಲೆ ಬರುತ್ತಿದ್ದುದು ನೂರು ದಿನ, ಇಪ್ಪತ್ತೈದು ವಾರ ಎಂಬ ಅಂಕಿ. 2006ರ ‘ಮುಂಗಾರು ಮಳೆ’ ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ವರ್ಷಕ್ಕೂ ಮಿಕ್ಕಿ ಓಡಿದ್ದು ಮೊದಲ ವಾರದ ಅಬ್ಬರದಿಂದಲ್ಲ, ನೋಡಿದವರು ಇನ್ನೊಬ್ಬರನ್ನು ಕರೆದುಕೊಂಡು ಬಂದದ್ದರಿಂದ. ಹಾಲಿವುಡ್‌ನಲ್ಲೂ ಇದೇ ಲೆಕ್ಕ ಬೇರೆ ರೂಪದಲ್ಲಿದೆ: ಒಟ್ಟು ಗಳಿಕೆಯನ್ನು ಮೊದಲ ವಾರಾಂತ್ಯದ ಗಳಿಕೆಯಿಂದ ಭಾಗಿಸಿ ನೋಡುತ್ತಾರೆ. ಭಾಗಲಬ್ಧ ದೊಡ್ಡದಿದ್ದಷ್ಟೂ ಬಾಯಿಮಾತಿನ ಬಲ ಹೆಚ್ಚು ಎಂದರ್ಥ. ‘ಲವ್, ಸೈಮನ್’ ತೆಗೆದ ಫಾಕ್ಸ್‌ನ ಒಳವಿಭಾಗ ಫಾಕ್ಸ್ 2000 ಮತ್ತು ಟೆಂಪಲ್ ಹಿಲ್ ಸಂಸ್ಥೆಯ ನಿರ್ಮಾಪಕರೇ ಸೇರಿ 2015ರಲ್ಲಿ ‘ಪೇಪರ್ ಟೌನ್ಸ್’ ತಂದಿದ್ದರು. ಅದೂ ಹದಿಹರೆಯದವರ ಕಾದಂಬರಿಯಿಂದ ಬಂದ ಪ್ರೇಮಕಥೆ, ಹುಡುಗ–ಹುಡುಗಿಯದು. ಅದರ ಮೊದಲ ವಾರಾಂತ್ಯ 1.26 ಕೋಟಿ, ಅಮೆರಿಕದ ಒಟ್ಟು ಗಳಿಕೆ 3.2 ಕೋಟಿ ಡಾಲರ್; ಎಂದರೆ ಎರಡೂವರೆ ಪಟ್ಟು. 2017ರ ‘ಎವೆರಿಥಿಂಗ್, ಎವೆರಿಥಿಂಗ್’ 1.17 ಕೋಟಿಯಿಂದ ಶುರುವಾಗಿ 3.41 ಕೋಟಿಗೆ ಮುಟ್ಟಿತು, ಮೂರು ಪಟ್ಟಿಗೂ ತುಸು ಕಡಿಮೆ. 2014ರಲ್ಲಿ ದಾಖಲೆ ಬರೆದ ‘ದ ಫಾಲ್ಟ್ ಇನ್ ಅವರ್ ಸ್ಟಾರ್ಸ್’ 4.8 ಕೋಟಿಯಿಂದ ಹೊರಟು ಸುಮಾರು 12.5 ಕೋಟಿಗೆ ತಲುಪಿತ್ತು. ಅದರ ಭಾಗಲಬ್ಧವೂ ಎರಡೂವರೆಯ ಆಸುಪಾಸಿನದೇ. ‘ಲವ್, ಸೈಮನ್’ ಸುಮಾರು ಮೂರೂವರೆ ಪಟ್ಟು. ಎರಡನೇ ವಾರಾಂತ್ಯಕ್ಕೆ ಅದರ ಗಳಿಕೆ ಇಳಿದದ್ದು ಮೂರನೇ ಒಂದು ಭಾಗದಷ್ಟು ಮಾತ್ರ. ಇಂಥ ಸಿನಿಮಾಗಳು ಆ ಹೊತ್ತಿಗೆ ಅರ್ಧಕ್ಕೆ ಕುಸಿಯುವುದೇ ರೂಢಿ. ತನ್ನ ಓರಗೆಯ ಹುಡುಗ–ಹುಡುಗಿಯ ಪ್ರೇಮಕಥೆಗಳಿಗಿಂತ ಈ ಸಿನಿಮಾ ಚಿತ್ರಮಂದಿರದಲ್ಲಿ ಚೆನ್ನಾಗಿ ಕಚ್ಚಿಕೊಂಡು ನಿಂತಿತು ಎಂಬುದು ಈ ಅಂಕಿಗಳಲ್ಲೇ ಇದೆ.

ಹಾಗಾದರೆ ಶುರುವಾತೇ ಏಕೆ ಚಿಕ್ಕದಾಯಿತು? ಉತ್ತರಕ್ಕೆ ಅದೇ ಶುಕ್ರವಾರದ ಇನ್ನೊಂದು ಸಿನಿಮಾವನ್ನು ನೋಡಬೇಕು. ‘ಐ ಕ್ಯಾನ್ ಓನ್ಲಿ ಇಮ್ಯಾಜಿನ್’ ಹಿಂದೆ ಚರ್ಚುಗಳಿದ್ದವು. ಭಾನುವಾರದ ಪ್ರಾರ್ಥನೆಗೆ ಬಂದವರಿಗೆ ಪಾದ್ರಿ ಹೇಳಬಹುದು, ಯುವಕರ ಗುಂಪು ಒಟ್ಟಾಗಿ ಸೀಟು ಕಾಯ್ದಿರಿಸಬಹುದು, ಅಜ್ಜಿ ಮೊಮ್ಮಗನ ಕೈ ಹಿಡಿದು ಕರೆದೊಯ್ಯಬಹುದು. ಆ ಸಿನಿಮಾಕ್ಕೆ ಹೋಗುವುದು ಊರೆದುರು ಮೆಚ್ಚುಗೆ ಪಡೆಯುವ ಕೆಲಸ. ‘ಲವ್, ಸೈಮನ್’ ಯಾರಿಗಾಗಿ ಮಾಡಿದ್ದೋ ಆ ಹುಡುಗ ಅಥವಾ ಹುಡುಗಿಯ ಪಾಡೇ ಬೇರೆ. ಸಣ್ಣ ಊರಿನ ಮಲ್ಟಿಪ್ಲೆಕ್ಸ್‌ನಲ್ಲಿ ಟಿಕೆಟ್ ಹರಿದು ಕೊಡುವವನು ಶಾಲೆಯ ಸಹಪಾಠಿ. ಕಾರು ಓಡಿಸಿ ಬಿಟ್ಟುಬರಬೇಕಾದವರು ಅಪ್ಪ ಅಮ್ಮ. ‘ಯಾವ ಸಿನಿಮಾ?’ ಎಂಬ ಅವರ ಸಹಜ ಪ್ರಶ್ನೆಗೆ ಕೊಡುವ ಉತ್ತರವೇ ತನ್ನ ಗುಟ್ಟನ್ನು ಹೇಳಿಕೊಂಡಂತೆ. ಹೇಳಿಕೊಳ್ಳಲಾಗದೆ ಒದ್ದಾಡುವ ಮಕ್ಕಳ ಕುರಿತ ಈ ಸಿನಿಮಾದ ಟಿಕೆಟ್ ಕೊಳ್ಳಲು ಮೊದಲು ಹೇಳಿಕೊಳ್ಳಲೇಬೇಕು ಎಂಬಂಥ ಇಕ್ಕಟ್ಟು. ಪ್ರೀತಿ ಎಷ್ಟೇ ಇದ್ದರೂ ಅದು ಗಲ್ಲಾಪೆಟ್ಟಿಗೆ ಸೇರಬೇಕಾದರೆ ಬಹಿರಂಗವಾಗಿ ನಾಲ್ಕು ಜನ ಸೇರುವ ಒಂದು ದಾರಿ ಬೇಕು. ಭಕ್ತರಿಗೆ ಆ ದಾರಿ ಶತಮಾನಗಳಿಂದ ಸಿದ್ಧವಿತ್ತು, ಈ ಮಕ್ಕಳಿಗೆ ಇರಲಿಲ್ಲ.

ಆ ದಾರಿಯನ್ನು ಅವಸರದಲ್ಲಿ ಕಟ್ಟಲು ಕೆಲವರು ಮುಂದೆ ಬಂದರು. ನಟ ಮ್ಯಾಟ್ ಬೋಮರ್ ಟೆಕ್ಸಾಸ್‌ನ ಸ್ಪ್ರಿಂಗ್ ಎಂಬ ತಾನು ಬೆಳೆದ ಊರಿನಲ್ಲಿ ಒಂದು ಆಟದ ಅಷ್ಟೂ ಟಿಕೆಟ್ ಕೊಂಡು ಜನರಿಗೆ ಉಚಿತವಾಗಿ ತೋರಿಸಿದರು. ನೀಲ್ ಪ್ಯಾಟ್ರಿಕ್ ಹ್ಯಾರಿಸ್, ಕ್ರಿಸ್ಟನ್ ಬೆಲ್ ಮುಂತಾದವರೂ ಬೇರೆ ಬೇರೆ ಊರುಗಳಲ್ಲಿ ಹೀಗೇ ಮಾಡಿದರು. ಇದು ಗಳಿಕೆಯನ್ನು ಕೃತಕವಾಗಿ ಉಬ್ಬಿಸಿದಂತಾಗಲಿಲ್ಲವೇ ಎಂದು ಕೇಳಬಹುದು. ಕೆಲವೇ ಚಿತ್ರಮಂದಿರಗಳ ಒಂದೊಂದು ಆಟ, ನಾಲ್ಕು ಕೋಟಿ ಡಾಲರ್ ಮುಂದೆ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಗಮನಿಸಬೇಕಾದದ್ದು ಬೇರೆಯೇ ಇದೆ. ದಾನ ಮಾಡಿದವರು ತಮಗೆ ಸಿಗದೇ ಹೋದದ್ದನ್ನು ತಮ್ಮೂರಿನ ಮುಂದಿನ ತಲೆಮಾರಿಗೆ ಕೊಡುತ್ತಿದ್ದರು. ಟಿಕೆಟ್ ಕೊಳ್ಳುವ ಭಯವನ್ನು ತಾವು ಹೊತ್ತುಕೊಂಡು ಮಕ್ಕಳ ಹೆಗಲಿಂದ ಇಳಿಸುತ್ತಿದ್ದರು. ಸಿನಿಮಾದ ಕೊನೆಯಲ್ಲೂ ಇಂಥದ್ದೇ ಒಂದು ಪ್ರಸಂಗವಿದೆ. ತಾನು ಇ–ಮೇಲ್‌ನಲ್ಲಷ್ಟೇ ಬಲ್ಲ, ‘ಬ್ಲೂ’ ಎಂಬ ಹುಸಿ ಹೆಸರಿನ ಪ್ರಿಯಕರ ಬರುತ್ತಾನೆಂದು ಸೈಮನ್ ಜಾತ್ರೆಯ ಜೈಂಟ್ ವೀಲ್ ಹತ್ತಿ ಕಾಯುತ್ತಾನೆ. ಚಕ್ರ ಸುತ್ತುತ್ತದೆ, ಕೆಳಗೆ ಇಡೀ ಶಾಲೆ ಕತ್ತೆತ್ತಿ ನೋಡುತ್ತಿದೆ, ಯಾರೂ ಬರುವುದಿಲ್ಲ, ಸೈಮನ್ ಬಳಿಯಿದ್ದ ಟಿಕೆಟ್‌ಗಳು ಮುಗಿಯುತ್ತವೆ. ಆಗ ಅವನ ಗುಟ್ಟನ್ನು ಹಿಡಿದು ಬೆದರಿಸಿ, ಕೊನೆಗೆ ಬಯಲಿಗೂ ಎಳೆದಿದ್ದ ಮಾರ್ಟಿನ್ ಎಂಬ ಹುಡುಗನೇ ಜೇಬಿನ ನಾಲ್ಕು ಡಾಲರ್ ತೆಗೆದು ಇನ್ನೊಂದು ಸುತ್ತಿಗೆ ದುಡ್ಡು ಕೊಡುತ್ತಾನೆ. ಆ ಒಂದು ಸುತ್ತಿನಲ್ಲೇ ‘ಬ್ಲೂ’, ಎಂದರೆ ಸಹಪಾಠಿ ಬ್ರ್ಯಾಮ್, ಬಂದು ಪಕ್ಕದಲ್ಲಿ ಕೂರುತ್ತಾನೆ. ಇಲ್ಲಿ ಚಿತ್ರಮಂದಿರಗಳು ಚಪ್ಪಾಳೆ, ಶಿಳ್ಳೆಗಳಿಂದ ತುಂಬಿದವು ಎಂದು ಆಗ ವರದಿಗಳು ಬಂದವು. ಕತ್ತಲಲ್ಲಿ ಕೂತ ಅಪರಿಚಿತರು ಇಬ್ಬರು ಹುಡುಗರ ಮುತ್ತಿಗೆ ಕೇಕೆ ಹಾಕುವುದನ್ನು ಕೇಳಿಸಿಕೊಳ್ಳುವುದು ಬಚ್ಚಿಟ್ಟುಕೊಂಡ ಹುಡುಗನಿಗೆ ಸಿನಿಮಾದಷ್ಟೇ ದೊಡ್ಡ ಅನುಭವ. ಮೊಬೈಲ್ ಪರದೆಯಲ್ಲಿ ಒಬ್ಬನೇ ನೋಡಿದರೆ ಅದು ಸಿಗುವುದಿಲ್ಲ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಸರಳವಾದದ್ದು: ಅಮೆರಿಕದಲ್ಲಿ ಚರ್ಚಿಗೆ ಹೋಗುವವರ ಸಂಖ್ಯೆಯೇ ದೊಡ್ಡದು, ಗೇ ಹದಿಹರೆಯದವರದು ಚಿಕ್ಕದು, ಇದರಲ್ಲಿ ವಿಶೇಷವೇನು? ನಿಜ, ಸಂಖ್ಯೆಯ ಅಂತರವನ್ನು ಅಲ್ಲಗಳೆಯಲಾಗದು. ಆದರೆ ‘ಲವ್, ಸೈಮನ್’ ಬರೀ ಗೇ ಹುಡುಗರನ್ನು ನಂಬಿ ನಿಂತಿರಲಿಲ್ಲ. ಮೊದಲ ವಾರಾಂತ್ಯದ ಪ್ರೇಕ್ಷಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಣ್ಣುಮಕ್ಕಳು, ಅರ್ಧಕ್ಕಿಂತ ಹೆಚ್ಚು ಮಂದಿ 25 ದಾಟದವರು. ‘ಪೇಪರ್ ಟೌನ್ಸ್’ ನೋಡಲು ಬಂದಂಥವರೇ ಇದಕ್ಕೂ ಬಂದರು, ಮೊದಲ ವಾರಾಂತ್ಯದಲ್ಲಿ ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯಲ್ಲಿ. ನಾಯಕ ಗೇ ಎಂಬ ಕಾರಣಕ್ಕೆ ಹದಿಹರೆಯದ ಸಾಮಾನ್ಯ ಪ್ರೇಕ್ಷಕರು ದೂರ ಉಳಿಯುತ್ತಾರೆ ಎಂಬ ಸ್ಟುಡಿಯೊಗಳ ಹಳೆಯ ಅಂಜಿಕೆಗೆ ಇಲ್ಲಿ ಆಧಾರ ಸಿಗುವುದಿಲ್ಲ. ಹೊರದೇಶಗಳ ಗಳಿಕೆ, ಸುಮಾರು 2.5 ಕೋಟಿ ಡಾಲರ್, ‘ಪೇಪರ್ ಟೌನ್ಸ್’ನ ಅರ್ಧದಷ್ಟಿದೆ ಎಂಬುದನ್ನು ಹಿಡಿದು ವಾದಿಸುವವರಿದ್ದಾರೆ. ಆದರೆ ‘ಎವೆರಿಥಿಂಗ್, ಎವೆರಿಥಿಂಗ್’ ಹೊರದೇಶಗಳಲ್ಲಿ ಗಳಿಸಿದ್ದೂ ಹೆಚ್ಚುಕಡಿಮೆ ಇಷ್ಟೇ. ‘ಪೇಪರ್ ಟೌನ್ಸ್’ ಹಿಂದೆ ಜಾನ್ ಗ್ರೀನ್ ಎಂಬ ಲೇಖಕನ ವಿಶ್ವಖ್ಯಾತಿ ಇತ್ತು. ಹಾಗೆಂದು ಅಡ್ಡಿಗಳೇ ಇರಲಿಲ್ಲ ಎನ್ನಲಾಗದು. ಅಮೆರಿಕದಲ್ಲಿ ಪಿಜಿ–13 ಪ್ರಮಾಣಪತ್ರ ಪಡೆದು ಶಾಲಾಮಕ್ಕಳೂ ನೋಡಬಹುದಾಗಿದ್ದ ಈ ಸಿನಿಮಾಕ್ಕೆ ಸಿಂಗಪುರದಲ್ಲಿ ಸಿಕ್ಕಿದ್ದು ಆರ್21, ಎಂದರೆ ಇಪ್ಪತ್ತೊಂದು ತುಂಬಿದವರಿಗೆ ಮಾತ್ರ. ಹದಿನೇಳರ ಸೈಮನ್‌ನ ಕಥೆಯನ್ನು ಅಲ್ಲಿ ಹದಿನೇಳರ ಯಾರೂ ಚಿತ್ರಮಂದಿರದಲ್ಲಿ ನೋಡುವಂತಿರಲಿಲ್ಲ.

ಎರಡನೇ ಆಕ್ಷೇಪ ಗೇ ಸಮುದಾಯದ ಒಳಗಿಂದಲೇ ಬಂದದ್ದು, ಆದ್ದರಿಂದ ಹೆಚ್ಚು ತೂಕದ್ದು. ಸೈಮನ್ ಅನುಕೂಲಸ್ಥ ಮನೆಯ ಬಿಳಿಯ ಹುಡುಗ, ಅಪ್ಪ ಅಮ್ಮ ಉದಾರಿಗಳು, ಮನೆ ದೊಡ್ಡದು. ಯಾರಿಗೂ ಇರಿಸುಮುರಿಸಾಗದಂತೆ ಉಜ್ಜಿ ನಯಮಾಡಿದ ಈ ಕಥೆ ಏನನ್ನು ಸಾಧಿಸಿತು? ‘ಟೈಮ್’ ಪತ್ರಿಕೆಯ ವಿಮರ್ಶಕರು ಇಂದಿನ ಮಕ್ಕಳಿಗೆ ಇಂಥ ಸಿನಿಮಾ ಬೇಕೇ ಎಂದೇ ಕೇಳಿದ್ದರು. ಸಿನಿಮಾ ನಯವಾದದ್ದೇ, ಒಪ್ಪುತ್ತೇನೆ. 2016ರ ‘ಮೂನ್‌ಲೈಟ್’ ಕಲೆಯಾಗಿ ಇದಕ್ಕಿಂತ ಬಹಳ ಎತ್ತರದ್ದು. ಆದರೆ ಹುಡುಗ–ಹುಡುಗಿಯ ಸಾಧಾರಣ ಪ್ರೇಮಕಥೆಗಳು ನೂರಾರು ಬಂದಿರುವಾಗ, ಗೇ ಮಕ್ಕಳಿಗೆ ಮಾತ್ರ ಶ್ರೇಷ್ಠ ಕೃತಿಯೇ ಬೇಕು, ಅದರಲ್ಲಿ ನೋವು ತುಂಬಿರಲೇಬೇಕು ಎನ್ನುವುದು ಅನ್ಯಾಯ. ಇಂಥ ಪಾತ್ರಗಳ ಲೆಕ್ಕ ಇಡುವ ಗ್ಲಾಡ್ ಸಂಸ್ಥೆಯ ಪ್ರಕಾರ, 2017ರಲ್ಲಿ ಅಮೆರಿಕದ ದೊಡ್ಡ ಸ್ಟುಡಿಯೊಗಳು ಬಿಡುಗಡೆ ಮಾಡಿದ 109 ಚಿತ್ರಗಳಲ್ಲಿ ಗೇ, ಲೆಸ್ಬಿಯನ್, ಬೈಸೆಕ್ಷುಯಲ್ ಪಾತ್ರಗಳು ಕಂಡದ್ದು 14ರಲ್ಲಿ ಮಾತ್ರ. ಟ್ರಾನ್ಸ್‌ಜೆಂಡರ್ ಪಾತ್ರ ಒಂದೂ ಇಲ್ಲ. ಅಂಥ ಬರದಲ್ಲಿ ಈ ಸಿನಿಮಾ ಕೊಟ್ಟದ್ದು ಸುಖಾಂತ್ಯ, ಜೊತೆಗೊಬ್ಬ ತಾಯಿ. ಜೆನಿಫರ್ ಗಾರ್ನರ್ ಮಾಡಿದ ಆ ಪಾತ್ರ, ಮಗ ಕೆಲವು ವರ್ಷಗಳಿಂದ ಉಸಿರು ಬಿಗಿಹಿಡಿದಂತೆ ಬದುಕುತ್ತಿದ್ದುದು ತನಗೆ ಕಾಣುತ್ತಿತ್ತು, ಇನ್ನು ಉಸಿರು ಬಿಡಬಹುದು ಎಂಬರ್ಥದ ಮಾತಾಡುವ ಒಂದೇ ಒಂದು ದೃಶ್ಯ ಸಾಕು, ಜನ ಈ ಸಿನಿಮಾವನ್ನು ಏಕೆ ಎದೆಗೊತ್ತಿಕೊಂಡರು ಎಂದು ತಿಳಿಯಲು. ಅದು ಮಕ್ಕಳಿಗೆ ಹೇಳಿದಷ್ಟೇ ಹೆತ್ತವರಿಗೂ ಹೇಳಿದ ಮಾತು. ಏನು ಹೇಳಬೇಕೆಂದು ತೋಚದ ಹೆತ್ತವರಿಗೆ ಅಲ್ಲಿ ಮಾತು ಸಿಕ್ಕಿತು.

ಮೂರನೆಯದು 2022ರ ‘ಬ್ರೋಸ್’. ಯೂನಿವರ್ಸಲ್ ಸ್ಟುಡಿಯೊ 2.2 ಕೋಟಿ ಡಾಲರ್ ಹಾಕಿ ತೆಗೆದ ಈ ಗೇ ಪ್ರೇಮಹಾಸ್ಯ ಮೊದಲ ವಾರಾಂತ್ಯ 48 ಲಕ್ಷ ಡಾಲರ್ ಗಳಿಸಿ ಮುಗ್ಗರಿಸಿತು. ನಾಯಕನಟ ಬಿಲಿ ಐಕ್ನರ್ ಭಿನ್ನಲಿಂಗಪ್ರೇಮಿಗಳು ಬರಲಿಲ್ಲ ಎಂದು ಬಹಿರಂಗವಾಗಿ ದೂರಿದರು. ‘ಲವ್, ಸೈಮನ್’ನದು ಒಂದು ಸಲದ ಅದೃಷ್ಟ ಎನ್ನುವವರು ಇದನ್ನು ಎತ್ತಿ ತೋರಿಸುತ್ತಾರೆ. ‘ಬ್ರೋಸ್’ ವಯಸ್ಕರಿಗೆ ಮೀಸಲಾದ ಸಿನಿಮಾ, ಹಿಂದೆ ಪ್ರೀತಿಯ ಕಾದಂಬರಿ ಇರಲಿಲ್ಲ, ಕೋವಿಡ್ ನಂತರ ಹಾಸ್ಯಚಿತ್ರಗಳಿಗೇ ಜನ ಕಡಿಮೆಯಾಗಿದ್ದರು. ಇವೆಲ್ಲ ಕಾರಣಗಳು ಹೌದು. ಅದಕ್ಕಿಂತ ಮುಖ್ಯವಾದದ್ದು, ಗೇ ಪ್ರೇಕ್ಷಕರು ಗೇ ಸಿನಿಮಾ ಎಂದಾಕ್ಷಣ ಕರ್ತವ್ಯದಂತೆ ಬಂದು ನಿಲ್ಲುವ ಪಡೆಯಲ್ಲ. ಯಾರಿಗೆ ಯಾವುದರ ಹಸಿವಿದೆಯೋ ಅದಕ್ಕೆ ಅವರು ಬರುತ್ತಾರೆ. ನಲವತ್ತರ ಆಸುಪಾಸಿನ, ತನ್ನ ಬಗ್ಗೆ ಹೇಳಿಕೊಂಡು ಎಷ್ಟೋ ಕಾಲವಾದ ಮನುಷ್ಯನ ಕಥೆಗೂ ಇನ್ನೂ ಬಾಯಿ ಬಿಡಲಾಗದ ಹುಡುಗನ ಕಥೆಗೂ ಹಸಿವಿನ ತೀವ್ರತೆ ಒಂದೇ ಅಲ್ಲ.

ಈ ತೀವ್ರತೆಗೆ ಒಂದು ಕೆಟ್ಟ ಮುಖವೂ ಇದೆ. ಗಂಡಸನ್ನು ಮದುವೆಯಾದ ಹೆಣ್ಣು ಗೇ ಹುಡುಗನ ಕಥೆ ಬರೆದು ಹಣ ಮಾಡಿದಳು ಎಂದು ಆಲ್ಬರ್ಟಾಲಿಯನ್ನು ಓದುಗರಲ್ಲೇ ಕೆಲವರು ವರ್ಷಗಟ್ಟಲೆ ಚುಚ್ಚಿದರು. ಕೊನೆಗೆ 2020ರ ಆಗಸ್ಟ್‌ನಲ್ಲಿ ಆಕೆ ತಾನು ಬೈಸೆಕ್ಷುಯಲ್ ಎಂದು ಹೇಳಿಕೊಳ್ಳಬೇಕಾಯಿತು, ತಾನು ಬಯಸಿದ ರೀತಿ ಇದಲ್ಲ ಎಂಬುದನ್ನೂ ಬರೆದರು. ಯಾರನ್ನೂ ಬಲವಂತದಿಂದ ಬಯಲಿಗೆಳೆಯಬಾರದು ಎಂಬುದೇ ಆಕೆಯ ಪುಸ್ತಕದ ಜೀವಾಳ. ಅದನ್ನು ಪ್ರೀತಿಸಿದ ಜಗತ್ತಿನಲ್ಲೇ ಇದು ನಡೆದದ್ದು ದುಃಖದ ಸಂಗತಿ.

ಇನ್ನು ಉದ್ಯಮ ಕಲಿತದ್ದೇನು? 2019ರಲ್ಲಿ ಡಿಸ್ನಿ ಫಾಕ್ಸ್ ಅನ್ನು ಕೊಂಡುಕೊಂಡಿತು, ಕೊಂಡ ಕೂಡಲೇ ಫಾಕ್ಸ್ 2000 ವಿಭಾಗವನ್ನು ಮುಚ್ಚುವುದಾಗಿ ಹೇಳಿತು. ಸೈಮನ್‌ನ ಲೋಕವನ್ನೇ ಮುಂದುವರಿಸಿದ ‘ಲವ್, ವಿಕ್ಟರ್’ ಚಿತ್ರಮಂದಿರಕ್ಕೆ ಬರಲಿಲ್ಲ, ಧಾರಾವಾಹಿಯಾಯಿತು. ಅದನ್ನೂ ಕುಟುಂಬಗಳು ನೋಡುವ ಡಿಸ್ನಿ ಪ್ಲಸ್‌ನಿಂದ ತೆಗೆದು ಹುಲು ಎಂಬ ಇನ್ನೊಂದು ವೇದಿಕೆಗೆ ಸಾಗಿಸಿದರು. ಅಲ್ಲಿ 2020ರಿಂದ 2022ರವರೆಗೆ ಮೂರು ಸೀಸನ್ ನಡೆಯಿತು. ಇಂಥವೇ ಪ್ರೇಮಕಥೆಗಳಾದ ‘ಹಾರ್ಟ್‌ಸ್ಟಾಪರ್’ ನೆಟ್‌ಫ್ಲಿಕ್ಸ್‌ಗೆ, ‘ರೆಡ್, ವೈಟ್ ಆ್ಯಂಡ್ ರಾಯಲ್ ಬ್ಲೂ’ ಅಮೆಜಾನ್ ಪ್ರೈಮ್‌ಗೆ ಹೋದವು. ಬಾಗಿಲು ಹಾಕಿಕೊಂಡು ಹೆಡ್‌ಫೋನ್ ಸಿಕ್ಕಿಸಿ ನೋಡಬೇಕಾದ ಮಕ್ಕಳಿಗೆ ಇದು ನಿಜವಾದ ಉಪಕಾರ, ಅಂಥವರು ನಮ್ಮ ಊರುಗಳಲ್ಲೂ ಇದ್ದಾರೆ. ಆದರೆ ಒಂದು ನಷ್ಟ ಇದರ ಜೊತೆಗೇ ಬಂದಿದೆ. ಚಿತ್ರಮಂದಿರದ ಗಳಿಕೆ ಎಲ್ಲರ ಕಣ್ಣಿಗೂ ಕಾಣುವ ಅಂಕಿ. ಅದನ್ನು ಭಾಗಿಸಿ, ಪಕ್ಕದ ಸಿನಿಮಾದೊಂದಿಗೆ ಹೋಲಿಸಿ, ನಿರ್ಮಾಪಕನ ಮೇಜಿನ ಮೇಲಿಟ್ಟು ಹಣ ಕೇಳಬಹುದು. ಸ್ಟ್ರೀಮಿಂಗ್ ವೇದಿಕೆಗಳಲ್ಲಿ ಯಾರು ಎಷ್ಟು ನೋಡಿದರು ಎಂಬುದರಲ್ಲಿ ಕಂಪನಿ ಹೇಳಬಯಸಿದ್ದಷ್ಟೇ ಹೊರಗೆ ಬರುತ್ತದೆ. 4.08 ಕೋಟಿಯನ್ನು 1.18ರಿಂದ ಭಾಗಿಸಿದರೆ ಮೂರೂವರೆ ಬರುತ್ತದೆ ಎಂದು ಇಂದಿಗೂ ಯಾರು ಬೇಕಾದರೂ ತೋರಿಸಬಹುದು. ಹೊಸ ಕಥೆ ಹಿಡಿದು ಸ್ಟುಡಿಯೊದ ಬಾಗಿಲು ತಟ್ಟುವ ಯುವ ನಿರ್ದೇಶಕರು ಕೇಳಬೇಕಾದದ್ದು ಚಿತ್ರಮಂದಿರದ ಬಿಡುಗಡೆಯನ್ನೇ, ಅದೂ ಚರ್ಚುಗಳು ತಮ್ಮ ಸಿನಿಮಾಕ್ಕೆ ಜನರನ್ನು ಒಗ್ಗೂಡಿಸುವಂತೆ ಶಾಲೆಗಳ ಸಂಘಗಳು, ಗ್ರಂಥಾಲಯಗಳು, ಹೆತ್ತವರ ಗುಂಪುಗಳ ಮೂಲಕ ಮೊದಲೇ ಸೀಟು ಕಾಯ್ದಿರಿಸುವ ಏರ್ಪಾಡಿನೊಂದಿಗೆ.