ಮೃಗಾಲಯದ ಪುಟಾಣಿ ರೈಲು: ಲೆಕ್ಕಪತ್ರದ ದೃಷ್ಟಿಯಿಂದ

ವ್ಯಾಪಾರ ನಿಮಿತ್ತ ಹೈದರಾಬಾದಿಗೆ ಹೋಗಿಬರುವ ಶ್ರೀರಾಮನಗರದ ಅಕ್ಕಿ ಗಿರಣಿ ಮಾಲೀಕರ ಕುಟುಂಬಗಳಿಗೆ ಅಲ್ಲಿಯ ನೆಹರೂ ಮೃಗಾಲಯದ ಪುಟಾಣಿ ರೈಲು ಅಪರಿಚಿತವಲ್ಲ. 1963ರಲ್ಲಿ ಸಾರ್ವಜನಿಕರಿಗೆ ತೆರೆದ, ಸುಮಾರು 380 ಎಕರೆ ವಿಸ್ತಾರದ ಆ ಉದ್ಯಾನವನ್ನು ಕಾಲ್ನಡಿಗೆಯಲ್ಲಿ ಸುತ್ತುವುದು ಮಕ್ಕಳಿಗೂ ವೃದ್ಧರಿಗೂ ಪ್ರಯಾಸಕರ. ರೈಲಿನಲ್ಲಿ ಕುಳಿತವರಿಗೆ ಪ್ರಾಣಿಗಳಿಗಿಂತ ಮರಗಳೇ ಹೆಚ್ಚು ಕಾಣುತ್ತವೆ, ನಿಜ. ಆದರೆ ಅದರ ಕೂಗು ಕೇಳಿದ ಮಕ್ಕಳು ಮರಗಳ ಲೆಕ್ಕವಿಡುವುದಿಲ್ಲ.

ತುಂಗಭದ್ರೆಯ ಆಚೆ, ಹಂಪಿಯ ಸಮೀಪದ ಕಮಲಾಪುರದಲ್ಲಿ ನಮಗೂ ಒಂದು ಮೃಗಾಲಯವಿದೆ. ಸುಮಾರು 150 ಹೆಕ್ಟೇರ್ ವಿಸ್ತಾರದ ಅಟಲ್ ಬಿಹಾರಿ ವಾಜಪೇಯಿ ಪ್ರಾಣಿ ಸಂಗ್ರಹಾಲಯದಲ್ಲಿ 2017ರಿಂದ ವಾಹನ ಸಫಾರಿ ನಡೆದುಬಂದಿದೆ. ಅಲ್ಲಿಯೂ ಇಂತಹ ರೈಲು ಬರಲಿ, ಹಂಪಿ ನೋಡಲು ಬಂದವರು ಇನ್ನರ್ಧ ದಿನ ನಿಲ್ಲುವಂತಾಗಲಿ ಎಂಬ ಅಪೇಕ್ಷೆ ವರ್ತಕ ಮಿತ್ರರಲ್ಲಿರುವುದು ಸಹಜ. ಆ ಅರ್ಧ ದಿನದಲ್ಲಿ ವಸತಿಗೃಹ, ಖಾನಾವಳಿ, ಆಟೋ ಎಲ್ಲಕ್ಕೂ ಪಾಲಿದೆ. 1997-98ರಲ್ಲಿ ಮಂಜೂರಾದ ಗಿಣಿಗೇರಾ–ಮೆಹಬೂಬ್‌ನಗರ ಮಾರ್ಗಕ್ಕಾಗಿ ಎರಡು ದಶಕ ಕಾದ ನಾವು ಪುಟಾಣಿ ರೈಲಿಗೆ ಆತುರಪಡಬೇಕಾಗಿಲ್ಲ. ಮೊದಲು ಲೆಕ್ಕ ನೋಡೋಣ.

ಉದಾಹರಣೆಗೆ, 40 ಆಸನ, 30 ರೂ. ಟಿಕೆಟ್, ದಿನಕ್ಕೆ 8 ಸುತ್ತು ಎಂದಿಟ್ಟುಕೊಳ್ಳಿ. ಎಲ್ಲ ಆಸನ ತುಂಬಿದರೆ 9,600 ರೂ.; ವಾರದ ನಡುವೆ ಕಾಲುಭಾಗ ಮಾತ್ರ ತುಂಬಿದರೆ 2,400 ರೂ. ಚಾಲಕನ ವೇತನ, ಹಳಿ ನೋಡಿಕೊಳ್ಳುವವರ ಕೂಲಿ ಎರಡೂ ದಿನ ಒಂದೇ. ದಸರಾ ರಜೆಯ ನೂಕುನುಗ್ಗಲಿನಲ್ಲಿ ನಗದು ಪುಸ್ತಕ ಲಾಭ ತೋರಿಸುತ್ತದೆ. ಅಲ್ಲಿಯೇ ಮೋಸ. ಬರೀ ಜಮಾ-ಖರ್ಚಿನ ಪಟ್ಟಿಯಲ್ಲಿ ಹಳಿ, ಚಕ್ರ, ಎಂಜಿನ್‌ಗಳ ಸವಕಳಿ ಕಾಣುವುದೇ ಇಲ್ಲ. ಗಿರಣಿಯ ರಬ್ಬರ್ ರೋಲ್ ಇಷ್ಟು ಕ್ವಿಂಟಲ್ ಭತ್ತಕ್ಕೆ ಸವೆಯುತ್ತದೆ ಎಂದು ಬೆರಳ ತುದಿಯಲ್ಲಿ ಲೆಕ್ಕವಿಡುವ ನಮ್ಮ ಸದಸ್ಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮುಂಬಯಿಯ ಬೋರಿವಲಿಯಲ್ಲಿರುವ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ 'ವನರಾಣಿ' ಈ ಮಾತಿಗೆ ನಿದರ್ಶನ. 1970ರ ದಶಕದಿಂದ ಓಡಿದ, ಮುಂಬಯಿ ಕನ್ನಡಿಗರ ಮಕ್ಕಳಿಗೂ ಪ್ರಿಯವಾಗಿದ್ದ ಆ ರೈಲಿನ ಹಳಿಗೆ 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಿಂದ ಹಾನಿಯಾಯಿತು. ಮುಂದೆ ವರ್ಷಗಟ್ಟಲೆ ಸಂಚಾರ ನಿಂತಿತು. ಬಸ್ಸು ಕೆಟ್ಟರೆ ಬೇರೊಂದನ್ನು ಬಾಡಿಗೆಗೆ ತರಬಹುದು. ಹಳಿ ಕೆಟ್ಟರೆ ಎಂಜಿನ್ ಸುಸ್ಥಿತಿಯಲ್ಲಿದ್ದರೂ ನಿಷ್ಪ್ರಯೋಜಕ. ಬಳ್ಳಾರಿ ಸೀಮೆಯಲ್ಲಿ ಚಂಡಮಾರುತದ ಭಯ ಕಡಿಮೆಯಾದರೂ ಬೇಸಿಗೆಯ ತಾಪಕ್ಕೆ ಉಕ್ಕು ಹಿಗ್ಗುತ್ತದೆ. ಹಳಿಯ ಕೀಲುಗಳ ಅಂತರವನ್ನು ನಿಯಮಿತವಾಗಿ ಪರೀಕ್ಷಿಸುತ್ತಿರಬೇಕು.

ಪ್ರಾಣಿಗಳ ದೃಷ್ಟಿಯಿಂದ ರೈಲಿಗೆ ಒಂದು ಗುಣವಿದೆ: ಪ್ರವಾಸಿಗರ ಒತ್ತಾಯಕ್ಕೆ ಚಾಲಕನು ದಾರಿ ಬಿಟ್ಟು ಒಳನುಗ್ಗಲಾರ. ಆದರೂ ಮಾರ್ಗವು ಸಫಾರಿ ಬೇಲಿಯ ಹೊರಗಿರುವುದೇ ಉಚಿತ. ಹುಲಿ, ಸಿಂಹಗಳನ್ನು ತೋರಿಸಲು ಸಫಾರಿ ವಾಹನಗಳಿವೆ.

ನಾನು ಈ ಬೇಡಿಕೆಯ ವಿರೋಧಿಯಲ್ಲ. ಸಂಸ್ಥೆಯಿಂದ ಮನವಿ ಹೋಗುವುದಾದರೆ, ಪ್ರತಿ ಟಿಕೆಟ್ಟಿನ ನಿಶ್ಚಿತ ಅಂಶವನ್ನು ಹಳಿ ಮತ್ತು ಎಂಜಿನ್‌ಗಳ ಬದಲಾವಣೆಗೆಂದು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಿಸಿ, ಆ ಖಾತೆಯನ್ನು ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆಗೆ ಒಳಪಡಿಸಬೇಕೆಂಬ ಷರತ್ತನ್ನು ಅದರ ಮೊದಲ ಪುಟದಲ್ಲಿಯೇ ಸೇರಿಸಬೇಕು.