ಮಿಂಚದ ಬೈಕಿನ ಆರೈಕೆ

ಸುಬಾಂಗ್ ಜಯಾದಿಂದ ಕಳಿಸಿದ ಚಿತ್ರದಲ್ಲಿ ನನ್ನ ಬೈಕ್ ಮಿಂಚದಿದ್ದರೆ, ಊರಿನವರು ಅಲಕ್ಷ್ಯವೆಂದು ಭಾವಿಸಬಾರದು. ಮ್ಯಾಟ್ ಬಣ್ಣದ ಮೇಲ್ಪದರ ಸೂಕ್ಷ್ಮವಾಗಿ ತರಿತರಿಯಾಗಿದ್ದು ಬೆಳಕನ್ನು ಚದುರಿಸುತ್ತದೆ. ಪಾಲಿಶ್ ಹಾಕಿ ಉಜ್ಜಿದರೆ ಆ ತರಿ ಸವೆದು ಹೊಳೆಯುವ ಕಲೆಗಳು ಮೂಡುತ್ತವೆ. ಬಳಿಕ ಹೊಸದಾಗಿ ಬಣ್ಣ ಹೊಡೆಸುವುದೊಂದೇ ದಾರಿ.

ಮಳೆಯಲ್ಲಿ ಫೆಡರಲ್ ಹೆದ್ದಾರಿಯ ಬೈಕ್ ಪಥದಲ್ಲಿ ಬಂದ ದಿನ, ಮೊದಲು ನೀರು ಹರಿಸಿ ಕೆಸರಿಳಿಸುತ್ತೇನೆ. ನೆರಳಿನಲ್ಲಿ ನಿಲ್ಲಿಸಿ, ಮ್ಯಾಟ್‌ಗೆಂದೇ ಸಿಗುವ ಶಾಂಪೂವಿನಿಂದ ಮೆಲ್ಲನೆ ತೊಳೆದು, ಮೈಕ್ರೋಫೈಬರ್ ಬಟ್ಟೆಯನ್ನು ಒತ್ತಿ ನೀರು ಹೀರಿಸುತ್ತೇನೆ. ಹಕ್ಕಿಯ ಹಿಕ್ಕೆಯನ್ನು ಒಣಗಲು ಬಿಡದೆ, ನೆನೆಸಿ ತೆಗೆಯುತ್ತೇನೆ.

ಇಲ್ಲಿಗೆ ಬರುವವರು ವಾಹನ ತೊಳೆಯುವ ಅಂಗಡಿಯಲ್ಲಿ ‘ವ್ಯಾಕ್ಸ್ ಬೇಡ’ ಎಂದು ಮುಂಚಿತವಾಗಿಯೇ ಹೇಳಬೇಕು. ಆಯುಧಪೂಜೆಯಂದು ಅರಿಶಿನ, ಎಣ್ಣೆ ಟ್ಯಾಂಕಿಗೆ ತಾಗದಿರಲಿ. ಹ್ಯಾಂಡಲ್‌ಗೆ ಹೂಮಾಲೆ ಸಾಕು. ಭಕ್ತಿಗೆ ಅದರಿಂದ ಕೊರತೆಯಿಲ್ಲ.